ಬಾಡಿಗೆ ಕೊಠಡಿಗಳ ಮೆಟ್ಟಿಲಿಗೆ ದೀಪ ಬೇಕು
(ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸಿನ ಮಾತು ಪ್ರತಿ ಸಭೆಯಲ್ಲೂ ಆಗುತ್ತದೆ. ಇಂದು ನಾವು ಮಲಗುವ ಜಾಗದ ಮಾತನ್ನು ಎತ್ತಿಕೊಂಡಿದ್ದೇವೆ. ಕೆಳಗೆ ಅಂಗಡಿ, ಮೇಲೆ ಸಾಲು ಕೊಠಡಿ, ಒಂದೊಂದರಲ್ಲಿ ನಾಲ್ಕೋ ಆರೋ ಜನ, ಎಲ್ಲರೂ ಇಳಿಯಲು ಒಂದೇ ಮೆಟ್ಟಿಲು. ನಮ್ಮಲ್ಲಿ ಬಹುಮಂದಿಯ ಮನೆ ಇದೇ.

೨೦೨೪ನೆಯ ಇಸವಿ ಜೂನ್ ೧೨ರಂದು ಬೆಳಗಿನ ಜಾವ, ಕುವೈತಿನ ಮಂಗಾಫ್‌ನಲ್ಲಿ ಕೆಲಸಗಾರರು ಒಟ್ಟಾಗಿ ವಾಸವಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು ೪೫ ಮಂದಿ ಭಾರತೀಯರು ಸತ್ತರು. ಕರ್ನಾಟಕದವರೂ ಒಬ್ಬರಿದ್ದರು. ಬೆಂಕಿ ಹೊತ್ತಿದ್ದು ನೆಲಮಹಡಿಯಲ್ಲಿ. ಹೆಚ್ಚಿನವರನ್ನು ಕೊಂದದ್ದು ಹೊಗೆ. ಹೊಗೆ ಮೆಟ್ಟಿಲನ್ನೇ ಹಿಡಿದು ಮೇಲೇರುತ್ತದೆ. ಇಂಥ ಹೊತ್ತಿನಲ್ಲಿ ವಯರು ಸುಟ್ಟು, ಫ್ಯೂಸು ಹೋಗಿ ದೀಪವೂ ಆರಿತೆಂದರೆ, ನಿತ್ಯ ಇಳಿಯುವ ಮೆಟ್ಟಿಲೇ ಕಾಲಿಗೆ ಸಿಗದು.

೨೦೧೬ರ ರಾಷ್ಟ್ರೀಯ ಕಟ್ಟಡ ಸಂಹಿತೆ, ತಪ್ಪಿಸಿಕೊಳ್ಳುವ ದಾರಿಯ ತುರ್ತು ದೀಪಕ್ಕೆ ಬೇರೆಯೇ ವಿದ್ಯುತ್ ಮೂಲವಿರಬೇಕು, ಅದು ಕನಿಷ್ಠ ಒಂದೂವರೆ ಗಂಟೆ ಉರಿಯಬೇಕು ಎನ್ನುತ್ತದೆ. ಆದರೆ ಸಂಹಿತೆ ತಾನೇ ಕಾನೂನಲ್ಲ. ಸರ್ಕಾರವೂ ನಗರಸಭೆಯೂ ತಮ್ಮ ನಿಯಮದಲ್ಲಿ ಸೇರಿಸಿಕೊಂಡಾಗಲೇ ಅದಕ್ಕೆ ಬಲ. ನಮ್ಮ ಹೋರಾಟ ಇರಬೇಕಾದದ್ದು ಅಲ್ಲಿ.

ಇಂಗ್ಲೆಂಡಿನಲ್ಲಿ ಒಂದೇ ಕುಟುಂಬಕ್ಕೆ ಸೇರದ ಐವರು ಅಥವಾ ಹೆಚ್ಚು ಮಂದಿ ಅಡಿಗೆಮನೆ, ಬಚ್ಚಲು ಹಂಚಿಕೊಂಡಿರುವ ಬಾಡಿಗೆ ಮನೆಗೆ ೨೦೦೪ರ ವಸತಿ ಕಾಯಿದೆಯ ಮೇರೆಗೆ ಪರವಾನಗಿ ಬೇಕು. ಮೆಟ್ಟಿಲು ಉದ್ದವಾಗಿದ್ದು, ತಿರುವುಗಳಿದ್ದು, ಹೊರಗಿನ ಬೆಳಕು ಒಳಗೆ ಬಾರದಿದ್ದರೆ ತುರ್ತು ದೀಪ ಕೇಳುತ್ತಾರೆ. ಅಲ್ಲಿಯ ಮಾನಕದಂತೆ ತಿಂಗಳಿಗೊಮ್ಮೆ ಕರೆಂಟು ತೆಗೆದು ದೀಪ ಹೊತ್ತುವುದೇ ನೋಡಬೇಕು. ವರ್ಷಕ್ಕೊಮ್ಮೆ ಪೂರ್ತಿ ಮೂರು ಗಂಟೆ ಉರಿಸಿ ನೋಡಬೇಕು. ಎರಡನ್ನೂ ಪುಸ್ತಕದಲ್ಲಿ ಬರೆದಿಡಬೇಕು.

ವರ್ಷದ ಆ ಪರೀಕ್ಷೆ ಏಕೆ? ಬ್ಯಾಟರಿ ಹಳತಾದಂತೆ ಹಿಡಿಯುವ ಶಕ್ತಿ ಕುಗ್ಗುತ್ತದೆ. ಗುಂಡಿ ಒತ್ತಿದಾಗ ಚೆನ್ನಾಗಿ ಹೊತ್ತಿದ ದೀಪ ಹತ್ತೇ ನಿಮಿಷಕ್ಕೆ ಮಂಕಾಗಬಹುದು. ಪೂರ್ತಿ ಉರಿಸದೆ ಇದು ತಿಳಿಯದು. ಪೂರ್ತಿ ಉರಿಸಿದ ದಿನ ಬ್ಯಾಟರಿ ಬರಿದಾಗಿರುತ್ತದೆ, ಆದ್ದರಿಂದ ಹಗಲಲ್ಲೇ ಮಾಡಿ, ಮತ್ತೆ ತುಂಬಿಕೊಳ್ಳಲು ಬಿಡುವುದು ಮೇಲು.

“ಇನ್ವರ್ಟರ್ ಇದೆಯಲ್ಲ” ಎನ್ನುವ ಮಾಲೀಕರುಂಟು. ಇನ್ವರ್ಟರ್ ಇರುವುದು ಕೆಳಗೆ, ಹೆಚ್ಚಾಗಿ ಮೆಟ್ಟಿಲ ಅಡಿಯಲ್ಲೇ! ಅಲ್ಲಿಯೇ ಬೆಂಕಿ ಹೊತ್ತಿದರೆ ಅದರ ವಯರೂ ಉಳಿಯದು. ಒಳಗೇ ಬ್ಯಾಟರಿಯಿರುವ ದೀಪವನ್ನು ಪ್ರತಿ ತಿರುವಿಗೊಂದು ಹಾಕಬೇಕು. ಅದನ್ನು ಮೆಟ್ಟಿಲ ಮಾಮೂಲು ದೀಪದ ಸರ್ಕ್ಯೂಟಿಗೇ ಸೇರಿಸಬೇಕು. ಆ ಒಂದು ಫ್ಯೂಸು ಹೋದರೂ ತಾನಾಗಿ ಹೊತ್ತಿಕೊಳ್ಳುತ್ತದೆ.

ಈ ಸಭೆಯಲ್ಲಿರುವ ವ್ಯಾಪಾರಿ ಮಿತ್ರರಿಗೂ ಒಂದು ಮಾತು. ನಿಮ್ಮಲ್ಲಿ ಕೆಲವರು ಮೇಲಿನ ಕೊಠಡಿ ಬಾಡಿಗೆಗೆ ಕೊಟ್ಟವರೇ. ಖಾಲಿ ಡಬ್ಬ, ರಟ್ಟು, ಎಣ್ಣೆ ಟಿನ್ನು ಮೆಟ್ಟಿಲ ಮೇಲೆ ಪೇರಿಸಿದ್ದರೆ ಇಂದೇ ತೆಗೆಸಿರಿ. ದೀಪವಿದ್ದೂ ದಾರಿಯಿಲ್ಲದಿದ್ದರೆ ಏನು ಫಲ?

ಮುಂದಿನ ವಾರದಿಂದ ನಾವು ಕೊಠಡಿ ಕೊಠಡಿಗೆ ಬರುತ್ತೇವೆ. ಯಾವ ಕಟ್ಟಡದಲ್ಲಿ ದೀಪವಿಲ್ಲ, ಎಲ್ಲಿದ್ದೂ ಹೊತ್ತುವುದಿಲ್ಲ ಎಂದು ಬರೆದು ನಗರಸಭೆಗೂ ಅಗ್ನಿಶಾಮಕ ಠಾಣೆಗೂ ಅರ್ಜಿ ಕೊಡುತ್ತೇವೆ. ಬಾಡಿಗೆಯವರು ಒಬ್ಬೊಬ್ಬರೇ ಸಹಿ ಹಾಕಿದರೆ ಮಾಲೀಕ ಕೊಠಡಿ ಬಿಡಿಸಿಯಾನು. ಇಡೀ ಕಟ್ಟಡದವರು ಒಂದೇ ಕಾಗದಕ್ಕೆ ಸಹಿ ಹಾಕಿರಿ.