ಚಳಿಗಾಲದ ಬೆಳಗ್ಗೆ ನಮ್ಮ ಊರಿನ ಗಾಳಿ

(ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಪೋಷಕರ ಸಭೆಯಲ್ಲಿ ನಾನು ಆಡಿದ ನಾಲ್ಕು ಮಾತುಗಳನ್ನು ಈ ವಾರ್ಷಿಕ ಸಂಚಿಕೆಗೆ ಬರೆದುಕೊಡಬೇಕೆಂದು ಸಂಘದ ಹಿರಿಯರು ಕೇಳಿದರು. ನಾನು ಉರ್ದು, ಕನ್ನಡ ಕಲಿಸುವವನು, ವಿಜ್ಞಾನದ ಮೇಷ್ಟ್ರಲ್ಲ. ಆದರೂ ಗಾಳಿಯ ವಿಷಯ ಆರಿಸಿಕೊಂಡೆ. ಅದಕ್ಕೆ ಕಾರಣ ನಾನೇ ಮಾಡಿದ ಒಂದು ತಪ್ಪು.

ಕೆಲವು ವರ್ಷಗಳ ಹಿಂದಿನ ಡಿಸೆಂಬರ್. ಶಾಲೆಯ ಅಂಗಳದ ಬಾದಾಮಿ ಮರ ಎಲೆ ಉದುರಿಸಿತ್ತು. ಪ್ರಾರ್ಥನೆಗೆ ಮೊದಲೇ ಮಕ್ಕಳಿಂದ ಗುಡಿಸಿ, ರಾಶಿಗೆ ಬೆಂಕಿ ಹಾಕಿಸಿದೆ. ಹೊಗೆ ಮೇಲೇಳಲಿಲ್ಲ. ಮಕ್ಕಳ ತಲೆಯೆತ್ತರದಲ್ಲೇ ಅಂಗಳದ ತುಂಬ ಹರಡಿ ನಿಂತಿತು. ಐದನೆಯ ತರಗತಿಯ ಒಬ್ಬ ಹುಡುಗಿಗೆ ಉಬ್ಬಸವಿತ್ತು. ನಾಡಗೀತೆ ಮುಗಿಯುವುದರೊಳಗೆ ಅವಳು ಎದೆ ಹಿಡಿದುಕೊಂಡು ಕುಳಿತುಬಿಟ್ಟಳು. ಓಡಿ ಬಂದ ತಾಯಿ ನನ್ನನ್ನು ದೂರಲಿಲ್ಲ. “ಮಳೆಗಾಲದಲ್ಲಿ ಇವಳು ಚೆನ್ನಾಗಿರುತ್ತಾಳೆ ಸಾರ್, ಈ ಚಳಿ ಬಂತೆಂದರೆ ಹೀಗೆ” ಎಂದು ಚಳಿಯನ್ನು ದೂರಿದರು. ಬೈದಿದ್ದರೆ ಅಷ್ಟು ನಾಟುತ್ತಿರಲಿಲ್ಲ.

ಚಳಿಗಾಳಿಯೂ ಉಬ್ಬಸವನ್ನು ಕೆರಳಿಸುತ್ತದೆ, ನಿಜ. ಆದರೆ ಅದೇ ರಾಶಿಗೆ ಆಷಾಢದಲ್ಲಿ ಬೆಂಕಿ ಹಾಕಿದ್ದರೆ ಹೊಗೆ ಅಂಗಳದಲ್ಲಿ ಅರೆ ನಿಮಿಷವೂ ನಿಲ್ಲುತ್ತಿರಲಿಲ್ಲ. ಹೊಗೆ ಅಷ್ಟೇ, ಊರೂ ಅದೇ, ಬದಲಾದದ್ದು ಋತು.

ನಮ್ಮ ಕಡೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದ ಬಯಲು. ಪಶ್ಚಿಮದ ಕಡೆಗೆ ಬಾಬಾಬುಡನ್‌ಗಿರಿಯ ಸಾಲು, 1,900 ಮೀಟರಿಗೂ ಎತ್ತರದ ಮುಳ್ಳಯ್ಯನಗಿರಿ. ಮುಂಗಾರಿನ ಮೋಡಗಳು ಘಟ್ಟದ ಆ ಮಗ್ಗುಲಲ್ಲೇ ಬಹುಪಾಲು ನೀರನ್ನು ಇಳಿಸಿಬಿಡುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆಯಾದರೆ ನಮಗೆ ದಕ್ಕುವುದು ಅದರ ಹತ್ತನೇ ಒಂದು ಪಾಲಿನಷ್ಟು. ಗಾಳಿ ಮಾತ್ರ ಬೆಟ್ಟ ದಾಟಿ ಬರುತ್ತದೆ. ಹೆಂಚು ಅಲುಗಿಸುವ ಆಷಾಢದ ಗಾಳಿ ನಿಮಗೆ ಹೊಸದಲ್ಲ. ನೆರೆಯ ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸಾಲಾಗಿ ನಿಲ್ಲಿಸಿರುವುದೂ ಈ ಗಾಳಿಯನ್ನು ನಂಬಿಯೇ. ಮಲೆನಾಡಿನ ಊರುಗಳನ್ನು ಮಳೆ ತೊಳೆದರೆ ನಮ್ಮ ಊರನ್ನು ಗಾಳಿ ಗುಡಿಸುತ್ತದೆ.

ದೀಪಾವಳಿ ಕಳೆದ ಮೇಲೆ ಈ ಪೊರಕೆ ಮೂಲೆ ಸೇರುತ್ತದೆ. ಆಕಾಶ ತಿಳಿ, ರಾತ್ರಿ ಉದ್ದ. ನೆಲ ಹಗಲಿನ ಬಿಸಿಯನ್ನೆಲ್ಲ ಬಿಟ್ಟುಕೊಟ್ಟು ತಣ್ಣಗಾಗುತ್ತದೆ. ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗುತ್ತದೆ. ಸಾಮಾನ್ಯವಾಗಿ ಮೇಲೆ ಹೋದಂತೆ ತಂಪು. ಆ ಹೊತ್ತಿನಲ್ಲಿ ಮಾತ್ರ ಕೆಳಗೆ ತಂಪು, ಮೇಲೆ ಬೆಚ್ಚಗೆ. ಭೂಗೋಳದಲ್ಲಿ ಇದನ್ನು ಉಷ್ಣಾಂಶದ ವಿಲೋಮ ಎನ್ನುತ್ತಾರೆ. ಪಾತ್ರೆಗೆ ಮುಚ್ಚಳ ಹಾಕಿದಂತೆ ಎಂದುಕೊಳ್ಳಿ. ಬೆಳಗಿನ ರೈಲಿನಲ್ಲಿ ಬೀರೂರಿನಿಂದ ಬರುವವರು ಕಿಟಕಿಯಿಂದ ನೋಡಿರಬಹುದು: ಹಳ್ಳಿಯ ಒಲೆಗಳ ಹೊಗೆ ತೆಂಗಿನ ಗರಿಗಳ ಮಟ್ಟಕ್ಕೆ ಏರಿ, ಅಲ್ಲಿಂದ ಮೇಲೆ ಹೋಗಲಾರದೆ ಚಾಪೆ ಹಾಸಿದ ಹಾಗೆ ಮಲಗಿರುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ, ಒಂಬತ್ತು ಹತ್ತು ಗಂಟೆಯ ಹೊತ್ತಿಗೆ ಅದು ಚದುರುತ್ತದೆ. ಕೆರೆಯಂಗಳದಂಥ ತಗ್ಗಿನಲ್ಲಿ ಇನ್ನೂ ತಡ.

ಉರ್ದುವಿನಲ್ಲಿ ಮಂಜಿಗೆ ಧುಂದ್, ಹೊಗೆಗೆ ಧುಆಂ. ಕನ್ನಡದಲ್ಲಿ ಹೊಗೆಯನ್ನೂ ಮಂಜನ್ನೂ ಬೆಸೆದು ‘ಹೊಂಜು’ ಎಂಬ ಪದವನ್ನೇ ಮಾಡಿಕೊಂಡಿದ್ದಾರೆ. ಮಕ್ಕಳಿಗೆ ಈ ಪದ ಬಹಳ ಇಷ್ಟ. ಲಂಡನ್ ನಗರದ ಮೇಲೆ 1952ರ ಡಿಸೆಂಬರ್ 5ರಿಂದ 9ರವರೆಗೆ ಇಂಥದೇ ಮುಚ್ಚಳ ಕುಳಿತಿತು. ಚಳಿ ಕಾಯಿಸಲು ಮನೆಮನೆಯಲ್ಲಿ ಉರಿಸಿದ ಕಲ್ಲಿದ್ದಲಿನ ಹೊಗೆಗೆ ಹೊರಹೋಗಲು ದಾರಿಯಿರಲಿಲ್ಲ. ಸತ್ತವರು ಸುಮಾರು 4,000 ಎಂದು ಮೊದಲು ಲೆಕ್ಕ ಹಾಕಿದರು. ನಂತರದ ಅಧ್ಯಯನಗಳು 12,000ದವರೆಗೂ ಹೇಳಿದವು. 1956ರಲ್ಲಿ ಅಲ್ಲಿ ಶುದ್ಧ ಗಾಳಿಯ ಕಾಯಿದೆ ಬಂತು. ದೆಹಲಿಯ ನವೆಂಬರ್ ನಿಮಗೆ ಗೊತ್ತೇ ಇದೆ: ವಾಹನಗಳು, ಪಂಜಾಬ್ ಹರಿಯಾಣದ ಕೂಳೆಗೆ ಹಾಕಿದ ಬೆಂಕಿ, ಉತ್ತರಕ್ಕೆ ಹಿಮಾಲಯದ ಗೋಡೆ, ಬೀಸದ ಗಾಳಿ. ಬೆಂಗಳೂರಿನಲ್ಲೂ ವಾಹನಗಳಿಗೆ ಬರವಿಲ್ಲ. ಆದರೆ ಅದು 900 ಮೀಟರ್ ಎತ್ತರದ ತೆರೆದ ಪ್ರಸ್ಥಭೂಮಿಯ ಮೇಲಿದೆ, ಸುತ್ತ ಗೋಡೆಯಿಲ್ಲ. ಅಲ್ಲಿನವರು ಇದನ್ನು ತಮ್ಮ ಜಾಣತನವೆಂದು ತಿಳಿಯಬಾರದು.

ಆ ಅನುಕೂಲವೂ ಬೆಂಗಳೂರಿಗೆ ಸಾಲಲಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಆರಂಭಿಸಿದಾಗ, ಮಾನದಂಡ ಮುಟ್ಟದ ನಗರಗಳಲ್ಲಿ ಕರ್ನಾಟಕದವು ನಾಲ್ಕು: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಮತ್ತು ದಾವಣಗೆರೆ. ಕರಾವಳಿಯದು ಒಂದೂ ಇಲ್ಲ. ದಾವಣಗೆರೆಯ ಹೆಸರು ನೋಡಿ ನಾನು ಬೆಚ್ಚಿದೆ. ಚಿಕ್ಕಜಾಜೂರು ದಾಟಿದರೆ ಸಿಗುವ ಊರು, ನಮ್ಮಂತೆಯೇ ಮಳೆನೆರಳಿನ ಒಣನೆಲ. ಅಲ್ಲಿ ರಸ್ತೆಯ ಧೂಳನ್ನು ಪ್ರತಿಯೊಂದು ಲಾರಿಯೂ ಮತ್ತೆ ಮತ್ತೆ ಎಬ್ಬಿಸುತ್ತದೆ, ತೊಳೆಯುವ ಮಳೆ ವರ್ಷದ ಬಹಳ ತಿಂಗಳು ಇರುವುದಿಲ್ಲ.

ಈಗ ನಮ್ಮದನ್ನೇ ನೋಡಿಕೊಳ್ಳೋಣ. ಮುಚ್ಚಳ ಬೀಳುವ ತಿಂಗಳುಗಳಲ್ಲೇ ಟಾರು ರಸ್ತೆಯ ಮೇಲೆ ರಾಗಿ ಒಕ್ಕಣೆ, ಅಡಿಕೆ ಬೇಯಿಸುವ ಒಲೆ. ಬಚ್ಚಲ ಹಂಡೆಗೆ ತೆಂಗಿನ ಸಿಪ್ಪೆಯ ಉರಿ. ಬಾಗಿಲು ಗುಡಿಸಿದ ಕಸಕ್ಕೆ ಪ್ಲಾಸ್ಟಿಕ್ಕನ್ನೂ ಸೇರಿಸಿ ಬೆಂಕಿ. ಇದೆಲ್ಲ ಹೆಚ್ಚಾಗಿ ನಡೆಯುವುದು ಬೆಳಗಿನ ಜಾವದಿಂದ ಎಂಟೂವರೆಯೊಳಗೆ. ಫಜ್ರ್ ನಮಾಜಿಗೆ ನಡೆದು ಹೋಗುವ ವೃದ್ಧರು, ಬಸ್ಸಿಗೆ ಕಾಯುವ ಮಕ್ಕಳು ರಸ್ತೆಯಲ್ಲಿರುವುದೂ ಆಗಲೇ. ಹೊಗೆಯ ಅತಿ ಸಣ್ಣ ಕಣಕ್ಕೆ ಪಿಎಂ 2.5 ಎನ್ನುತ್ತಾರೆ, ಅದು ನಮ್ಮ ಕೂದಲಿನ ದಪ್ಪದ ಸುಮಾರು ಮೂವತ್ತನೇ ಒಂದು ಭಾಗ, ಶ್ವಾಸಕೋಶದ ಒಳತುದಿಯವರೆಗೂ ಇಳಿಯುತ್ತದೆ. ದಿನದ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ ಮೀರಬಾರದೆಂದು ನಮ್ಮ ದೇಶದ ಮಾನದಂಡ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15.

ಸಭೆಯಲ್ಲಿ ಒಬ್ಬ ಹಿರಿಯರು ಎದ್ದು, “ಹಾಗಾದರೆ ಮೇಷ್ಟ್ರೇ, ಕಸವನ್ನು ಸಂಜೆ ಸುಡೋಣವೇ?” ಎಂದರು. ಸೂರ್ಯ ಮುಳುಗಿದ ಮೇಲೆ ಮುಚ್ಚಳ ಮತ್ತೆ ಇಳಿಯತೊಡಗುತ್ತದೆ, ಆದ್ದರಿಂದ ಸಂಜೆಯೂ ಬೇಡ ಎಂದೆ. ಮಧ್ಯಾಹ್ನ ಸುಟ್ಟರೆ ಹೊಗೆ ಬೇಗ ಚದುರುತ್ತದೆ, ಆದರೆ ಅದರಲ್ಲಿರುವ ವಿಷ ಕಡಿಮೆಯಾಗುವುದಿಲ್ಲ. ಪ್ಲಾಸ್ಟಿಕ್ಕನ್ನಂತೂ ಯಾವ ಹೊತ್ತಿನಲ್ಲೂ ಸುಡಬಾರದು. ನಮ್ಮ ಶಾಲೆಯಲ್ಲಿ ಚಳಿಗಾಲಕ್ಕೆ ಆಟದ ಅವಧಿಯನ್ನು ಮಧ್ಯಾಹ್ನಕ್ಕೆ ಬದಲಾಯಿಸಿಕೊಂಡೆವು. ಬಾದಾಮಿ ಎಲೆಗೆ ಹಿತ್ತಲಿನಲ್ಲಿ ಮೂರಡಿ ಆಳದ ಗುಂಡಿ ತೋಡಿ, ಪದರಕ್ಕೊಂದಿಷ್ಟು ಸಗಣಿ ನೀರು ಚಿಮುಕಿಸುತ್ತೇವೆ. ಮೊದಲ ವರ್ಷದ ಗೊಬ್ಬರ ಬಿಸಿಯೂಟದ ಕರಿಬೇವಿನ ಗಿಡಕ್ಕೆ ಹೋಯಿತು. ಈ ಸಲ ಜನವರಿಗೆ ಮೊದಲೇ ಗುಂಡಿ ತುಂಬಿ, ಮಕ್ಕಳು ಇನ್ನೊಂದಕ್ಕೆ ಜಾಗ ಗುರುತು ಮಾಡಿಟ್ಟಿದ್ದಾರೆ.