ಕೇಳುವ ಕಿವಿ

(ಶ್ರಾವಣ ಮಾಸದ ಪ್ರವಚನ)



ಮಾತಿನ ಮಹಿಮೆಯನ್ನು ಕುರಿತು ಶರಣರು ನುಡಿದ ವಚನಗಳು ನಿಮಗೆಲ್ಲ ಬಾಯಿಪಾಠವಾಗಿವೆ. ಇಲ್ಲಿ ಮುಂದೆ ಕುಳಿತಿರುವ ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿದರೂ ನಾಲ್ಕು ವಚನ ಹೇಳಿಯಾರು. ಆದ್ದರಿಂದ ಅವನ್ನು ಇಂದು ಮತ್ತೆ ಹೇಳಲು ಹೋಗುವುದಿಲ್ಲ. ಮಾತಿನ ಬಗ್ಗೆ ಇಷ್ಟು ಬಲ್ಲ ನಾವು ಕೇಳುವುದರ ಬಗ್ಗೆ ಎಷ್ಟು ಬಲ್ಲೆವು? ಅದನ್ನು ಸ್ವಲ್ಪ ವಿಚಾರ ಮಾಡೋಣ.

ಕಿವಿ ಇದ್ದವರೆಲ್ಲ ಕೇಳುತ್ತಾರಲ್ಲ ಎಂದು ನೀವು ಅನ್ನಬಹುದು. ಹಾಗಲ್ಲ. ಎದುರಿನವನು ಮಾತನಾಡುವಾಗ ನಾವು ಕೇಳುತ್ತಿರುವುದಿಲ್ಲ. ಅವನು ಬಾಯಿ ಮುಚ್ಚುವುದನ್ನು ಕಾಯುತ್ತಿರುತ್ತೇವೆ. ಉತ್ತರ ಆಗಲೇ ನಮ್ಮ ನಾಲಗೆಯ ತುದಿಯಲ್ಲಿ ಬಂದು ಕುಳಿತಿರುತ್ತದೆ. ಇದು ಸಂಸಾರಿಗಳಿಗೆ ಮಾತ್ರ ಹೇಳುವ ಮಾತಲ್ಲ. ಕಾವಿ ಉಟ್ಟವರಿಗೆ ಈ ರೋಗ ಇನ್ನೂ ಹೆಚ್ಚು. ಜನ ಕೈಮುಗಿದು ಕುಳಿತುಕೊಳ್ಳುತ್ತಾರೆ, ನಾವು ಹೇಳುತ್ತಲೇ ಹೋಗುತ್ತೇವೆ. ನಾವು ಹೇಗೆ ಎಡವಿದೆವು ಎಂಬುದನ್ನೇ ನಿಮ್ಮ ಮುಂದೆ ಇಡುತ್ತೇವೆ.

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಒಂದು ಹಳ್ಳಿಯಲ್ಲಿ ಅಣ್ಣತಮ್ಮಂದಿರಿಬ್ಬರು. ವಾಟಣಿಯಾಗಿ ಎಂಟು ವರ್ಷವಾಗಿತ್ತು. ಹೊಲ ಎರಡಾದರೂ ಬಾವಿ ಒಂದೇ. ಆ ಬಾವಿಯ ನೀರಿಗಾಗಿ ಜಗಳ. ಮೋಟಾರು ಹಚ್ಚುವ ಪಾಳಿ ಯಾರದು, ಎಷ್ಟು ತಾಸು ಎಂದು ಹೊಲದ ಬದುವಿನ ಮೇಲೆ ನಿಂತು ಬೈದಾಡುವರು. ತಾಯಿ ಇನ್ನೂ ಬದುಕಿದ್ದಳು. ಆಕೆ ಮಠಕ್ಕೆ ಬಂದು ಕಣ್ಣೀರು ಹಾಕಿದಳು. ನಾವು ಇಬ್ಬರನ್ನೂ ಕರೆಸಿದೆವು. ಕರೆಸಿ ಏನು ಮಾಡಿದೆವು? ಒಂದು ತಾಸು ಉಪದೇಶ ಮಾಡಿದೆವು! ಬಂಧುತ್ವ ಹೇಳಿದೆವು, ದಯೆ ಹೇಳಿದೆವು, ದೇಹದ ಅನಿತ್ಯತೆ ಹೇಳಿದೆವು. ಕೊನೆಗೆ ಮೂರು ದಿನ ಅಣ್ಣನಿಗೆ, ಮೂರು ದಿನ ತಮ್ಮನಿಗೆ ಎಂದು ನೀರಿನ ಪಾಳಿ ಮಾಡಿ, ವಿಭೂತಿ ಕೊಟ್ಟು ಕಳಿಸಿದೆವು. ಇಬ್ಬರೂ ತಲೆಯಾಡಿಸಿ, ಪಾದ ಮುಟ್ಟಿ ಹೋದರು. ಒಳ್ಳೆಯ ಕೆಲಸವಾಯಿತೆಂದು ನಾವೂ ಸಂತೋಷಪಟ್ಟೆವು. ಆರು ತಿಂಗಳಲ್ಲಿ ಅಣ್ಣನ ಮಗಳ ಮದುವೆ ಬಂತು. ಬಾಗಿಲೆದುರು ಹಂದರ ಹಾಕಿದ್ದರೂ ತಮ್ಮ ಅದರೊಳಗೆ ಕಾಲಿಡಲಿಲ್ಲ. ಪಾಳಿ ಸರಿಯಾಗಿಯೇ ನಡೆದಿತ್ತು. ಮನಸ್ಸು ಮಾತ್ರ ಇದ್ದಲ್ಲೇ ಇತ್ತು.

ಮರುವರ್ಷ ಶ್ರಾವಣದಲ್ಲಿ ಅದೇ ಊರಿನ ಭಕ್ತರು ಶೂನ್ಯಸಂಪಾದನೆಯ ಪ್ರವಚನ ಇಡಿಸಿದರು. ಈ ಗ್ರಂಥದ ವಿಷಯವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮಡಿವಾಳ ಮಾಚಯ್ಯನವರು, ಅಂಬಿಗರ ಚೌಡಯ್ಯನವರು, ನುಲಿಯ ಚಂದಯ್ಯನವರು, ಅಕ್ಕಮಹಾದೇವಿ, ಮುಂತಾದ ಶರಣರೆಲ್ಲ ಕೂಡಿ ಅನುಭಾವ ನಡೆಸಿದರು. ಅವರ ವಚನಗಳು ಬಿಡಿಬಿಡಿಯಾಗಿ ಉಳಿದುಬಂದವು. ಮುಂದೆ 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಆ ಬಿಡಿ ವಚನಗಳನ್ನು ಸಂವಾದವಾಗಿ ಜೋಡಿಸಿದರು. ಅವರ ತರುವಾಯ ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರು ಸಿದ್ಧವೀರಣ್ಣೊಡೆಯರು ಅದನ್ನು ತಮ್ಮ ತಮ್ಮ ರೀತಿಯಲ್ಲಿ ಮತ್ತೆ ಸಂಪಾದಿಸಿದರು. ಹಳಕಟ್ಟಿಯವರು 1930ರಲ್ಲಿ ಅಚ್ಚು ಹಾಕಿಸಿದ ಮೇಲೆ ಅದು ನಮ್ಮಂಥವರ ಕೈಗೆ ಬಂತು. ಈ ಸಂಪಾದಕರು ಮಾಡಿದ ಕೆಲಸವೇನು? ಹೊಸದೊಂದು ಶಾಸ್ತ್ರ ಬರೆಯಲಿಲ್ಲ. ಈ ಶರಣರ ಈ ನುಡಿಗೆ ಆ ಶರಣೆಯ ಆ ನುಡಿ ಉತ್ತರವಾಗುತ್ತದೆ ಎಂದು ಕಿವಿಗೊಟ್ಟು ಹುಡುಕಿದರು. ಎಷ್ಟು ಕಾಲ ಕೇಳಿರಬೇಕು ಅವರು! ನಮ್ಮ ಧರ್ಮದ ಈ ಹಿರಿಯ ಗ್ರಂಥ ಒಬ್ಬರು ಹೇಳಿ ಉಳಿದವರು ಸುಮ್ಮನೆ ಕುಳಿತ ಉಪದೇಶವಲ್ಲ. ಅದರಲ್ಲಿ ಪ್ರಶ್ನೆಯಿದೆ, ಸಿಟ್ಟಿದೆ, ಮುನಿಸಿದೆ, ಎದುರುತ್ತರವಿದೆ.

ಹಾಗೆಂದು ಮಾತಾಡುತ್ತ ಕುಳಿತರೇ ಆಯಿತೆಂದು ತಿಳಿಯಬೇಡಿ. ಆಯ್ದಕ್ಕಿ ಮಾರಯ್ಯನವರು ಅನುಭಾವದಲ್ಲಿ ಮೈಮರೆತು ಕುಳಿತಾಗ, ಕಾಯಕ ನಿಂತಿತೆಂದು ಎಚ್ಚರಿಸಿದವಳು ಮಡದಿ ಲಕ್ಕಮ್ಮ. ಅವಸರದಲ್ಲಿ ಹೋದ ಮಾರಯ್ಯನವರು ದಿನಕ್ಕಿಂತ ಹೆಚ್ಚಿಗೆ ಅಕ್ಕಿ ಆಯ್ದು ತಂದಾಗ, ಈ ಆಸೆ ಎಲ್ಲಿಂದ ಬಂತೆಂದು ಕೇಳಿ ತಿರುಗಿ ಕಳಿಸಿದವಳೂ ಆಕೆಯೇ. ಆಕೆಯ ದಿಟ್ಟತನವನ್ನು ಎಲ್ಲರೂ ಹೊಗಳುತ್ತಾರೆ. ಎದುರಾಡದೆ ಅಕ್ಕಿಯನ್ನು ಹೊತ್ತು ಮರಳಿ ಹೋದ ಮಾರಯ್ಯನವರನ್ನು ಹೊಗಳುವವರು ಕಡಿಮೆ. ಇಲ್ಲಿ ಕುಳಿತ ಯಜಮಾನರು ಇದನ್ನು ಸ್ವಲ್ಪ ನೆನಪಿನಲ್ಲಿ ಇಟ್ಟುಕೊಳ್ಳಬೇಕು. ತಾಯಂದಿರು ನಗುತ್ತಿದ್ದಾರೆ, ನಗಲಿ.

ಆ ಊರಿನಲ್ಲಿ ಅಂದಿನ ರಾತ್ರಿ ಮುಕ್ತಾಯಕ್ಕನ ಪ್ರಸಂಗ. ಮುಕ್ತಾಯಕ್ಕನಿಗೆ ಅಜಗಣ್ಣ ಒಡಹುಟ್ಟಿದ ಅಣ್ಣ, ಅವನೇ ಗುರು. ತನ್ನ ಭಕ್ತಿಯನ್ನು ಯಾರಿಗೂ ತೋರಗೊಡದೆ ಒಳಗೇ ಇಟ್ಟುಕೊಂಡವನು ಅವನು. ಆ ಅಣ್ಣ ಲಿಂಗೈಕ್ಯನಾಗಿದ್ದಾನೆ, ತಂಗಿ ಅಳುತ್ತಿದ್ದಾಳೆ. ಅಲ್ಲಿಗೆ ಅಲ್ಲಮಪ್ರಭುಗಳು ಬರುತ್ತಾರೆ. ಶರಣನಿಗೆ ಸಾವಿಲ್ಲ, ಅಳುವುದೇಕೆಂದು ತಿಳಿಸಿ ಹೇಳುತ್ತಾರೆ. ಆಕೆ ತಟ್ಟನೆ ಒಪ್ಪಿಕೊಂಡಳೇ? ಇಲ್ಲ! ಎಲ್ಲವನ್ನೂ ಅರಿತವನಾದರೆ ನಿನಗೆ ಇನ್ನೂ ಮಾತಿನ ಆಸರೆ ಏಕೆ ಬೇಕು ಎಂದು ಪ್ರಭುಗಳನ್ನೇ ಕೇಳುತ್ತಾಳೆ. ಪ್ರಭುಗಳು ಸಿಟ್ಟಾಗಿ ಎದ್ದುಹೋಗುವುದಿಲ್ಲ. ಆಕೆ ಕೇಳಿದಷ್ಟೂ ಉತ್ತರ ಕೊಡುತ್ತಾರೆ, ಆಕೆ ಮತ್ತೆ ಕೇಳುತ್ತಾಳೆ. ಹೀಗೆ ಮಾತಿಗೆ ಮಾತು ಸಾಗಿ, ಕೊನೆಗೆ ಆಕೆಯ ದುಃಖ ಅರಿವಾಗಿ ತಿಳಿಯಾಗುತ್ತದೆ. ಅಳುವವಳ ಎದುರುಮಾತನ್ನು ಪ್ರಭುಗಳು ತಡೆದುಕೊಂಡರಲ್ಲ, ನಾವು ಅಂದು ಆ ಭಾಗವನ್ನು ಬಹಳ ಬಣ್ಣಿಸಿ ಹೇಳಿದೆವು. ನಾವೇ ಮಾಡದ್ದನ್ನು ಬಣ್ಣಿಸುವುದು ಎಷ್ಟು ಸುಲಭ!

ಪ್ರಸಂಗ ಅರ್ಧಕ್ಕೆ ಬಂದಿತ್ತು. ಆ ತಮ್ಮ ಗುಡಿಯ ಕಟ್ಟೆಯಿಂದ ಎದ್ದು ಕತ್ತಲೆಯಲ್ಲಿ ಹೊರಟುಹೋದ. ಪ್ರವಚನ ರುಚಿಸಲಿಲ್ಲವೇನೋ ಎಂದು ನಮಗೆ ಒಳಗೊಳಗೇ ಬೇಸರವೂ ಆಯಿತು. ಬೆಳಗಾಗುವ ಹೊತ್ತಿಗೆ ಅವನು ನಾವು ಇಳಿದುಕೊಂಡಿದ್ದ ಮನೆಗೆ ಬಂದು ಕಂಬಕ್ಕೆ ಆತು ಕುಳಿತಿದ್ದ. ನಮಗೆ ಅಂದು ಗಂಟಲು ಕಟ್ಟಿತ್ತು, ಮಾತೇ ಹೊರಡದು. ಅದೊಂದು ಶಿವನ ಕೃಪೆಯೆಂದೇ ಅನ್ನಬೇಕು. ಗಂಟಲು ಸರಿಯಿದ್ದಿದ್ದರೆ ಇನ್ನೊಂದು ತಾಸು ಉಪದೇಶ ಮಾಡುತ್ತಿದ್ದೆವು.

"ಅಜ್ಜಾರ, ನಂದು ನೀರಿನ ತಕರಾರು ಅಲ್ರೀ," ಎಂದ. "ಅಪ್ಪ ಸಾಯೂಮುಂದ ನಾ ಗೋವಾದಾಗ ಇದ್ದೆ. ಬರೂದ್ರೊಳಗ ಮಣ್ಣು ಮಾಡಿ ಕೈ ತೊಳಕೊಂಡಿದ್ರು. ಅಪ್ಪನ ಮಾರಿ ಸೈತ ನೋಡಗೊಡಲಿಲ್ಲ. ಆಕಿ ಅಣ್ಣನ ಮುಂದ ಕುಂತು ಅತ್ತಳಲ್ರೀ, ನನಗ ಅಷ್ಟೂ ಸಿಗಲಿಲ್ಲ."

ಬಹಳ ಹೊತ್ತು ಅತ್ತ. ನಾವು ಸುಮ್ಮನೆ ಕುಳಿತೆವು. ಆಮೇಲೆ ಒಂದೇ ಮಾತು ಕೇಳಿದೆವು: "ಇದನ್ನ ಅಣ್ಣಗ ಹೇಳೀಯೇನಪ್ಪಾ?"

"ಅವಗ ಗೊತ್ತಿಲ್ಲೇನ್ರೀ?"

"ಹೇಳೀಯೇನು?"

"ಇಲ್ರೀ."

ಅಣ್ಣನನ್ನು ಕರೆಸಿದೆವು. ತಾಯಿಯೂ ಬಂದಳು. ತಮ್ಮ ಹೇಳಿದ್ದನ್ನೇ ಮತ್ತೆ ಹೇಳಿದ. ಅಣ್ಣ ತಲೆ ಎತ್ತದೆ ಕೇಳಿಸಿಕೊಂಡು, ಆಮೇಲೆ ಮೆಲ್ಲಗೆ ಅಂದ: "ಅಪ್ಪಗ ಜಡ್ಡು ಹೆಚ್ಚಾತು ಅಂದಕೂಡ್ಲೆ ಗೋವಾಕ್ಕ ಆಳು ಕಳಿಸಿದ್ದೆ. ನೀ ಮೊದಲಿನ ಜಾಗಾ ಬಿಟ್ಟು ಬ್ಯಾರೆ ಕಡೆ ಕೆಲಸಕ್ಕ ಹೋಗಿದ್ದಿ, ಅವಗ ಸಿಗಲಿಲ್ಲ. ಜೀವ ಹೋದಮ್ಯಾಲೂ ಮರುದಿನ ಸಂಜೀತನಕ ಇಟಗೊಂಡು ಕುಂತ್ವಿ. ಬಸ್ಸು ಬಂದಾಗೊಮ್ಮೆ ಅಗಸೀತನಕ ಹೋಗಿ ನೋಡಿ ಬರ್ತಿದ್ದೆ. ಇನ್ನ ಇಡಾಕ ಬರಂಗಿಲ್ಲ ಅಂತ ದೈವದವರು ಅಂದ್ರು. ನೀ ಬಂದಿ, ಒಂದು ಮಾತು ಕೇಳಲಿಲ್ಲ. ವಾಟಣಿ ಮಾಡಿಕೊಡು ಅಂದಿ. ಅಪ್ಪ ಸತ್ತದ್ದು ಇವಗ ಏನೂ ಅನಿಸಲಿಲ್ಲ ಅನಕೊಂಡೆ."

ನೋಡಿ, ಒಂದೇ ಸಾವು. ಇಬ್ಬರ ಎದೆಯಲ್ಲೂ ಅದರ ಕಥೆ ಬೇರೆ ಬೇರೆಯಾಗಿ ಬೆಳೆದಿತ್ತು. ಎಂಟು ಒಂಬತ್ತು ವರ್ಷ ಇಬ್ಬರೂ ಬಾವಿಯ ಮಾತನ್ನೇ ಆಡಿದರು, ಅಪ್ಪನ ಮಾತನ್ನು ಆಡಲಿಲ್ಲ. ನಾವೂ ಬಾವಿಯನ್ನೇ ಹಂಚಿದೆವು. ನಿನಗೇನು ನೋವಿದೆಯಪ್ಪಾ ಎಂದು ನಾವು ಕೇಳಿಯೇ ಇರಲಿಲ್ಲ. ಹಾಗೆ ನೇರವಾಗಿ ಕೇಳಿದ್ದರೆ ಅವನು ಹೇಳುತ್ತಿದ್ದನೋ ಇಲ್ಲವೋ, ಅದೂ ಸಂಶಯವೇ. ನೇರವಾಗಿ ಕೇಳಿದರೆ ಮನುಷ್ಯ ಬಾಗಿಲು ಮುಚ್ಚಿಕೊಳ್ಳುತ್ತಾನೆ. ಕಥೆ ಬೇರೆ ಯಾರದೋ ಆದ್ದರಿಂದ ನಿಶ್ಚಿಂತನಾಗಿ ಕೇಳುತ್ತ ಕುಳಿತಿರುತ್ತಾನೆ. ಹಾಗೆ ಕುಳಿತವನಿಗೆ ಮುಕ್ತಾಯಕ್ಕನ ಅಳುವಿನಲ್ಲಿ ತನ್ನ ಅಳು ಕೇಳಿಸಿತು. ನಮ್ಮ ಹಿರಿಯರು ಊರೂರಿಗೆ ಪುರಾಣ ಹಚ್ಚಿಸುತ್ತಿದ್ದುದು ಬರೀ ಪುಣ್ಯ ಬರಲೆಂದೇ? ಇದನ್ನೆಲ್ಲ ಅವರು ಬಲ್ಲವರಾಗಿದ್ದರೆಂದು ನಮಗೆ ತೋರುತ್ತದೆ.

ಅವರಿಬ್ಬರೂ ಅಂದೇ ತಬ್ಬಿಕೊಂಡು ಒಂದಾದರೆಂದು ನಾವು ಹೇಳುವುದಿಲ್ಲ. ಅಂದು ಒಂದೇ ಪಂಕ್ತಿಯಲ್ಲಿ ಪ್ರಸಾದಕ್ಕೆ ಕುಳಿತರು, ಅಷ್ಟೇ. ಆ ವರ್ಷ ತಂದೆಯ ಪುಣ್ಯತಿಥಿಯನ್ನು ತಮ್ಮನ ಮನೆಯಲ್ಲಿ ಮಾಡಿದರೆಂದು ತಾಯಿ ಹೇಳಿಕಳಿಸಿದಳು. ಬಾವಿಯ ಪಾಳಿಯನ್ನು ನಾವು ಹಾಕಿಕೊಟ್ಟಂತೆಯೇ ನಡೆಸಿದರು, ಬೇಸಿಗೆಯಲ್ಲಿ ಒಬ್ಬರ ಬೆಳೆ ಬಾಡುವುದನ್ನು ಕಂಡರೆ ಇನ್ನೊಬ್ಬರು ಒಂದು ದಿನ ಬಿಟ್ಟುಕೊಡುತ್ತಿದ್ದರಂತೆ.

ಸಿದ್ಧರಾಮೇಶ್ವರರು ಪ್ರಭುಗಳ ಕಠಿಣ ಮಾತಿಗೆ ಮೊದಲು ಸಿಟ್ಟಾಗಿ, ಆಮೇಲೆ ಹೇಗೆ ಕಿವಿಗೊಟ್ಟರೆಂಬುದನ್ನು ನಾಳೆ ನೋಡೋಣ. ಇನ್ನೂ ಮಾತಾಡಿದರೆ ಲಕ್ಕಮ್ಮ ತಾಯಿಯೇ ಬಂದು ನಮ್ಮನ್ನು ಎಬ್ಬಿಸಿಯಾಳು. ಪ್ರಸಾದ ಸಿದ್ಧವಾಗಿದೆ, ಎಲ್ಲರೂ ಕುಳಿತು ಸ್ವೀಕರಿಸಿರಿ. ದೂರದ ಊರಿನವರು ಮೊದಲ ಪಂಕ್ತಿಗೆ ಬನ್ನಿ.