ಮುಟ್ಟದ ಮೂವರು



ರಾಯಚೂರಿನಿಂದ ಮಾನ್ವಿಗೆ ಸೈಕಲ್ಲಿನಲ್ಲಿ ಹೋಗಿ ಮರಳಿದರೆ ಸುಮಾರು 90 ಕಿಲೋಮೀಟರ್. ಅದಕ್ಕೆ ಮುನ್ನ 1.9 ಕಿಲೋಮೀಟರ್ ಈಜಿ, ಅನಂತರ 21.1 ಕಿಲೋಮೀಟರ್ ಓಡಬೇಕೆಂದರೆ? ‘ಐರನ್‌ಮ್ಯಾನ್ 70.3’ ಎಂಬ ಸ್ಪರ್ಧೆಯ ನಿಯಮವೇ ಅದು. 2024ರ ಅಕ್ಟೋಬರಿನಲ್ಲಿ ಗೋವೆಯಲ್ಲಿ ನಮ್ಮ ನಾಡಿನ ಲೋಕಸಭಾ ಸದಸ್ಯ ತೇಜಸ್ವಿ ಸೂರ್ಯ ಅವರು ಇದನ್ನು 8 ಗಂಟೆ 27 ನಿಮಿಷಗಳಲ್ಲಿ ಪೂರೈಸಿದರು. ಕ್ರೀಡೆ ಅವರಿಗೆ ವೃತ್ತಿಯಲ್ಲ, ಹವ್ಯಾಸ.

ಈ ಸ್ಪರ್ಧೆಯ ಮೂಲರೂಪ ಇದರ ಇಮ್ಮಡಿ ದೂರದ್ದು. 1978ರಲ್ಲಿ ಹವಾಯಿಯಲ್ಲಿ 15 ಮಂದಿ ಹೊರಟರು. ಗುರಿ ಮುಟ್ಟಿದವರು 12 ಮಂದಿ. ಗೆದ್ದ ಗಾರ್ಡನ್ ಹಾಲರ್ ಅವರಿಗೇ 11 ಗಂಟೆ 46 ನಿಮಿಷ ಹಿಡಿಯಿತು. ಆದರೆ ನನ್ನ ಮನಸ್ಸು ನಿಲ್ಲುವುದು ಮುಟ್ಟದ ಆ ಮೂವರ ಬಳಿ.

ಯೌವನದಲ್ಲಿ ನಾನೂ ಒಮ್ಮೆ ದೇವದುರ್ಗದಿಂದ ರಾಯಚೂರಿಗೆ ಸೈಕಲ್ಲಿನಲ್ಲಿ ಹೊರಟಿದ್ದೆ. ಚೈತ್ರದ ಬಿಸಿಲಿಗೆ ಸೋತು ಗಬ್ಬೂರಿನಲ್ಲಿ ಬಸ್ಸು ಹತ್ತಿದೆ. ಸೈಕಲ್ಲು ಬಸ್ಸಿನ ಮೇಲೆ. ನಾನು ಒಳಗೆ, ತಲೆ ತಗ್ಗಿಸಿ. ನಾಲ್ಕು ದಶಕಗಳ ಕಾಲ ಆ ಸೋಲನ್ನು ಯಾರೊಡನೆಯೂ ಆಡಲಿಲ್ಲ. ಮತ್ತೆ ಆ ದಾರಿ ಹಿಡಿಯಲೂ ಇಲ್ಲ. ನಾಚಬೇಕಾದದ್ದು ಬಸ್ಸು ಹತ್ತಿದ್ದಕ್ಕಲ್ಲ, ಎರಡನೆಯ ಸಲ ಹೊರಡದೆ ಉಳಿದುದಕ್ಕೆ ಎಂಬುದು ಈಗ ತಿಳಿಯುತ್ತಿದೆ.

ಗಬ್ಬೂರು ಈ ವಯಸ್ಸಿಗೆ ದೂರವೇ ಸರಿ. ಮಾವಿನಕೆರೆಯವರೆಗಾದರೂ ನಾಳೆ ಮುಂಜಾನೆ ಹೋಗಿಬರುವೆ.